ಕಾಜಾಣಕ್ಕೆ ಕೋಲು, ಜೇಡಕ್ಕೆ ಅಂಚು

ನಟ್ಟಿ ಮುಗಿದ ಗದ್ದೆಯಲ್ಲಿ ಹಕ್ಕಿ ಕೂರಲೆಂದು ನಾಲ್ಕು ಕವೆಗೋಲು ಊರಿ, ಇನ್ನು ಹುಳುವಿನ ಚಿಂತೆ ಹಕ್ಕಿಗಳದ್ದು ಎಂದುಕೊಂಡವರು ಅಕ್ಟೋಬರಿನಲ್ಲಿ ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಒಣಗಿದ ಜಾಗ ಕಂಡಾಗ ಹಕ್ಕಿಯನ್ನೇ ಬೈಯುತ್ತಾರೆ. ಹಾಗೆ ಸುಟ್ಟದ್ದು ಕಂದು ಜಿಗಿಹುಳು. ಅದು ಇರುವುದು ನೀರಿನಿಂದ ಒಂದೆರಡು ಇಂಚು ಮೇಲೆ, ತೆಂಡೆಗಳ (ಪೈರಿನ ಬುಡದಿಂದ ಒಡೆದ ಕವಲುಗಳ) ಸಂದಿಯಲ್ಲಿ. ಕೋಲಿನ ಮೇಲೆ ಕೂತ ಕಾಜಾಣಕ್ಕೆ ಅದು ಕಾಣುವುದಿಲ್ಲ. ಕಂಡರೂ ಅಲ್ಲಿಗೆ ಇಳಿದು ಹೆಕ್ಕುವ ಹಕ್ಕಿ ಅದಲ್ಲ.

ಗದ್ದೆಯಲ್ಲಿ ತಿನ್ನುವವರಿಗೂ ಒಂದು ಪಾಲುಪಟ್ಟಿ ಇದೆ. ಹಾರುವ ಪತಂಗ, ಎಲೆಯ ಮೇಲೆ ತೆವಳುವ ಹುಳು ಕಾಜಾಣ, ಗೊರವಂಕ, ಕಳ್ಳಿಪೀರಗಳ ಪಾಲು. ನೀರು ಕೆಸರಿನಲ್ಲಿರುವುದು ಬೆಳ್ಳಕ್ಕಿ, ಕೊಳಬಕಗಳದ್ದು. ಬುಡದ ಜಿಗಿಹುಳು ಜೇಡ ಮತ್ತು ಮಿರಿಡ್ ಎಂಬ ಸಣ್ಣ ತಿಗಣೆಯದ್ದು. ಕಾಂಡಕೊರಕದ ಮೊಟ್ಟೆ, ಅದರೊಳಗೇ ತಮ್ಮ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ, ಸಾಸಿವೆಗಿಂತ ಎಷ್ಟೋ ಸಣ್ಣದಾದ ಪರತಂತ್ರ ಕಣಜಗಳದ್ದು. ಇಲಿ, ಹೆಗ್ಗಣ ಗೂಬೆಯದ್ದು. ಒಬ್ಬರ ಪಾಲಿನ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ಹಾಕಿದಾಗ ಲೆಕ್ಕ ತಪ್ಪುತ್ತದೆ. ಕೋಲು ಊರಬಾರದೆಂದಲ್ಲ, ಕೋಲಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿದು ಊರಬೇಕು.

ಕೋಲು ಎಲ್ಲಿ, ಎಷ್ಟು, ಯಾವಾಗ

ಬಯಲು ಗದ್ದೆಗೆ ಎಕರೆಗೆ 15ರಿಂದ 20 ಕೋಲು. ಭದ್ರಾ ಅಚ್ಚುಕಟ್ಟಿನ ಕಡೆ, ಕಣ್ಣು ಹಾಯುವವರೆಗೂ ಮರವಿಲ್ಲದೆ ಭತ್ತವೇ ಇರುವಲ್ಲಿ, ಇಷ್ಟೂ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಎರಡು ಗುಡ್ಡಗಳ ನಡುವಿನ ಕಿರಿದಾದ ಗದ್ದೆಗಳಿಗೆ ಇಷ್ಟು ಬೇಡ. ಅಲ್ಲಿ ಕಾಡಂಚಿನ ಮರ, ತೋಟದ ಬೇಲಿ, ಕರೆಂಟಿನ ತಂತಿ ಈಗಾಗಲೇ ಕೋಲಿನ ಕೆಲಸ ಮಾಡುತ್ತಿರುತ್ತವೆ. ಅಂಚಿನ ಮರದಿಂದ ದೂರವಾದ ನಡುಗದ್ದೆಗೆ ಎಕರೆಗೆ ಐದಾರು ಊರಿದರೆ ಸಾಕು. ಎಲ್ಲ ಕೋಲನ್ನೂ ಓಡಾಡಲು ಸುಲಭವೆಂದು ಅಂಚಿನ ಮೇಲೆಯೇ ಊರುವುದು ಎಲ್ಲೆಡೆ ಕಾಣುವ ತಪ್ಪು.

ನೆಲದಿಂದ ಮೇಲೆ 5-6 ಅಡಿ, ಮಣ್ಣಿನೊಳಗೆ ಒಂದೂವರೆ ಅಡಿ. ಕೆಸರು ಗದ್ದೆಯಲ್ಲಿ ಇದಕ್ಕಿಂತ ಕಡಿಮೆ ಹೂತರೆ ಆಷಾಢದ ಗಾಳಿಗೆ ವಾಲುತ್ತದೆ, ವಾಲಿದ ಕೋಲಿನ ಮೇಲೆ ಹಕ್ಕಿ ಕೂರುವುದಿಲ್ಲ. ತುದಿಗೆ ಹೆಬ್ಬೆರಳು ದಪ್ಪದ, ಒಂದೂವರೆ ಅಡಿ ಉದ್ದದ ಅಡ್ಡಕಡ್ಡಿ ಕಟ್ಟಿ. ಬಿದಿರಿನ ಗಳು, ಅಡಿಕೆ ದಬ್ಬೆ ಎರಡೂ ಆಗುತ್ತವೆ. ಪಿವಿಸಿ ಪೈಪು ಬೇಡ, ಮಳೆಯಲ್ಲಿ ಕಾಲು ಜಾರುತ್ತದೆ. ಅಗಲವಾದ ಅಂಚಿದ್ದರೆ ಅಲ್ಲಿ ಗ್ಲಿರಿಸಿಡಿಯಾದ ಹಸಿ ಕೋಲು ನೆಡಬಹುದು. ಅದು ಬೇರು ಬಿಟ್ಟು ಮುಂದಿನ ವರ್ಷಕ್ಕೂ ಉಳಿಯುತ್ತದೆ, ಗದ್ದೆಗೆ ಸೊಪ್ಪೂ ಸಿಗುತ್ತದೆ.

ನಟ್ಟಿಯಾಗಿ ಎರಡು ವಾರದೊಳಗೆ ಕೋಲು ನಿಂತಿರಬೇಕು. ಕಾಜಾಣದ ರೀತಿಯೆಂದರೆ ಕೂತು ಕಾಯುವುದು, ಹಾರಿ ಹಿಡಿಯುವುದು, ಮತ್ತೆ ಅದೇ ಕೋಲಿಗೆ ಬಂದು ತಿನ್ನುವುದು. ಪೈರು ಬೆಳೆದು ಎಲೆ ಹೆಣೆದುಕೊಂಡ ಮೇಲೆ ಅದಕ್ಕೆ ಮೇಲೆ ಹಾರಿದ್ದಷ್ಟೇ ಸಿಗುತ್ತದೆ. ಹಾಗಾಗಿ ಹೆಚ್ಚಿನ ಲಾಭ ಇರುವುದು ಮೊದಲ ತಿಂಗಳಲ್ಲಿ, ಎಲೆ ಸುರುಳಿ ಹುಳು ಮತ್ತು ಮಿಡತೆಯ ಮೇಲೆ. ಮಳೆ ಬಿಟ್ಟ ದಿನ ಅಡ್ಡಕಡ್ಡಿಯ ಮೇಲೆ ಬಿಳಿ ಹಿಕ್ಕೆ ಇದೆಯೇ ನೋಡಿ. ವಾರ ಕಳೆದರೂ ಕಾಣದಿದ್ದರೆ ಆ ಕೋಲನ್ನು ಇಪ್ಪತ್ತು ಹೆಜ್ಜೆ ಆಚೆ ಸರಿಸಿ.

ಒಂದು ವಿಷಯ ಮುಚ್ಚಿಡಬಾರದು. ಹಕ್ಕಿಗೆ ನಮ್ಮ ಹುಳು, ನಮ್ಮ ಮಿತ್ರ ಎಂಬ ಭೇದವಿಲ್ಲ. ಕಾಜಾಣ ಏರೋಪ್ಲೇನ್ ಚಿಟ್ಟೆಯನ್ನೂ ಜೇನುಹುಳುವನ್ನೂ ತಿನ್ನುತ್ತದೆ, ಬೆಳ್ಳಕ್ಕಿ ಕಪ್ಪೆಯನ್ನೂ ನುಂಗುತ್ತದೆ. ಜೇನುಪೆಟ್ಟಿಗೆ ಇಟ್ಟಿರುವ ಮೂಲೆಯಲ್ಲಿ ಕೋಲು ಊರಬೇಡಿ. ಹಾಗೆಯೇ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಅಡ್ಡಕಡ್ಡಿಗಳನ್ನೆಲ್ಲ ಬಿಚ್ಚಿಬಿಡಿ. ಅಲ್ಲಿಂದ ಮುಂದೆ ಆ ಕೋಲು ರಾಟವಾಳ, ಗೀಜಗಗಳಿಗೆ ಊಟದ ಮಣೆಯಾಗುತ್ತದೆ.

ನೀರಿನಿಂದ ಹುಳು ಎಬ್ಬಿಸುವುದು

ಹಕ್ಕಿಗೆ ಹುಳು ಕಾಣುವಂತೆ ಮಾಡಿಕೊಟ್ಟರೆ ಕೋಲಿಗಿಂತ ಹೆಚ್ಚು ಕೆಲಸ ಆಗುತ್ತದೆ. ಸಸಿ ಮಡಿಗೆ ಬೀಳುವ ಸೈನಿಕ ಹುಳುವಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮುಂಗಾರು ಆರಂಭದಲ್ಲಿ ಕೆಲವು ದಿನ ಬಿಸಿಲು ಹಿಡಿದು ಆಮೇಲೆ ಜೋರು ಮಳೆ ಹೊಡೆದ ವರ್ಷ ಇದರ ಹಾವಳಿ ಹೆಚ್ಚು. ಹಗಲು ಬುಡದಲ್ಲಿ, ಮಣ್ಣಿನ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಮಡಿಯನ್ನು ದನ ಮೇಯ್ದಂತೆ ಮಾಡುತ್ತದೆ. ಬೆಳಗಿನ ಜಾವ ಮಡಿಗೆ ನೀರು ಕಟ್ಟಿ, ಸಸಿಯ ತುದಿ ಎರಡು ಇಂಚು ಮಾತ್ರ ಹೊರಗಿರಲಿ. ಅಡಗಿದ್ದ ಹುಳು ಉಸಿರಿಗಾಗಿ ತುದಿಗೆ ಹತ್ತುತ್ತದೆ ಇಲ್ಲವೇ ತೇಲುತ್ತದೆ. ಮೂರು ನಾಲ್ಕು ಗಂಟೆ ಮನುಷ್ಯರೂ ನಾಯಿಯೂ ಅತ್ತ ಸುಳಿಯದಿದ್ದರೆ ಬೆಳ್ಳಕ್ಕಿ, ಗೊರವಂಕ, ಕಾಗೆ ಬಂದು ಬಳಿದುಕೊಂಡು ಹೋಗುತ್ತವೆ. ಮಧ್ಯಾಹ್ನದೊಳಗೆ ನೀರು ಬಸಿಯಲೇಬೇಕು. ಮರೆತು ರಾತ್ರಿಯಿಡೀ ಬಿಟ್ಟರೆ ಎಳೆ ಸಸಿ ಕೊಳೆತು, ಹುಳು ತಿಂದದ್ದಕ್ಕಿಂತ ನಷ್ಟ ಹೆಚ್ಚಾಗುತ್ತದೆ.

ನಟ್ಟಿಯಾದ ಮೇಲೆ ಕೊಳವೆ ಹುಳು. ಎಲೆಯ ತುದಿ ಕತ್ತರಿಸಿ ಸುತ್ತಿಕೊಂಡು, ಆ ಕೊಳವೆಯೊಳಗೇ ಇದ್ದು ನೀರಿನ ಮೇಲೆ ತೇಲುತ್ತಾ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನೀರಿಲ್ಲದೆ ಬದುಕದು. ಇಬ್ಬರು ಎದುರುಬದುರು ಅಂಚಿನಲ್ಲಿ ನಿಂತು ತೆಂಗಿನ ನಾರಿನ ಹಗ್ಗವನ್ನು ಪೈರಿನ ಮೇಲೆ ಸವರಿಕೊಂಡು ಎಳೆದರೆ ಕೊಳವೆಗಳು ಉದುರುತ್ತವೆ. ನೀರು ಹೊರಬಿಟ್ಟು ಗದ್ದೆಯನ್ನು ಎರಡು ಮೂರು ದಿನ ಬಸಿದಿಟ್ಟರೆ ಮುಗಿಯಿತು. ಮೆಟ್ಟಿಲು ಗದ್ದೆಗಳಲ್ಲಿ ಒಂದು ತೊಡಕಿದೆ: ನಮ್ಮ ಗದ್ದೆಯ ನೀರೇ ಕೆಳಗಿನವರ ಗದ್ದೆಗೆ ಇಳಿಯುವುದರಿಂದ ಹುಳುವೂ ಅವರಲ್ಲಿಗೆ ಹೋಗುತ್ತದೆ. ನೀರು ಬಿಡುವ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಕೊಳವೆಗಳನ್ನು ಅಲ್ಲೇ ಹಿಡಿದು ಅಂಚಿನ ಮೇಲೆ ಸುರಿಯಿರಿ, ಕೊಳಬಕ ಅರ್ಧ ಗಂಟೆಯಲ್ಲಿ ಹಾಜರು. ನೀರಿಗೆ ಸೀಮೆಎಣ್ಣೆ ಸುರಿಯುವ ಹಳೆಯ ರೂಢಿ ಬಿಡುವುದು ಒಳ್ಳೆಯದು, ಅದು ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಕೊಲ್ಲುತ್ತದೆ. ಎಲೆಯ ಅಂಚು ಒಣಗುವ ದುಂಡಾಣು ರೋಗ ಕಾಣಿಸಿದ್ದರೆ ಹಗ್ಗ ಎಳೆಯಲೇಬೇಡಿ, ಹಗ್ಗವೇ ರೋಗವನ್ನು ಗದ್ದೆಯಿಡೀ ಹಚ್ಚುತ್ತದೆ.

ಬುಡದ ಕಥೆ

ಈಗ ಹಕ್ಕಿಗೆ ಎಟುಕದ ಜಿಗಿಹುಳು. ಇದು ಮೊಟ್ಟೆ ಇಡುವುದು ಎಲೆಯ ಕವಚದ ಒಳಗೆ, ಸೀಳಿ. ಸಿಂಪಡಿಸಿದ ಔಷಧಿ ಹುಳುವಿಗೆ ತಗಲಬಹುದು, ಮೊಟ್ಟೆಗೆ ತಗಲುವುದು ಕಷ್ಟ. ಆದರೆ ಹೊರಗೆ ಓಡಾಡುತ್ತಿದ್ದ ಜೇಡ, ಮಿರಿಡ್ ತಿಗಣೆಗಳಿಗೆ ಪೂರ್ತಿ ತಗಲುತ್ತದೆ. ವಾರ ಕಳೆದು ಮೊಟ್ಟೆ ಒಡೆದಾಗ ಮರಿಗಳು ಕಾಲಿಡುವುದು ಕಾವಲುಗಾರರೇ ಇಲ್ಲದ ಗದ್ದೆಗೆ. ಜಿಗಿಹುಳು ತಿಂಗಳೊಳಗೆ ಒಂದು ತಲೆಮಾರು ಮುಗಿಸುತ್ತದೆ, ಜೇಡಕ್ಕೆ ಆ ವೇಗವಿಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಗಳನ್ನು ಎಲೆ ಸುರುಳಿಗೆಂದು ಹೊಡೆದ ಗದ್ದೆಯಲ್ಲಿ ಮುಂದೆ ಜಿಗಿಹುಳು ಉಕ್ಕುವುದಕ್ಕೆ ಕಾರಣ ಇದೇ. ಇಂಡೊನೇಷ್ಯಾ ಇದೇ ಪೆಟ್ಟು ತಿಂದು 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು.

ಹಾಗಾಗಿ ನಟ್ಟಿಯಾದ ಮೊದಲ 40 ದಿನ ಎಲೆ ತಿನ್ನುವ ಹುಳುವಿಗೆ ಔಷಧಿ ಹೊಡೆಯದಿರುವುದೇ ಇಡೀ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಲಹೆ. ಆ ವಯಸ್ಸಿನ ಪೈರು ಹೊಸ ಎಲೆ, ಹೊಸ ತೆಂಡೆ ಬಿಟ್ಟು ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತದೆ. ನಾಲ್ಕು ಬಿಳಿ ಗೆರೆಯ ಎಲೆ ಕಂಡ ಕೂಡಲೇ ಪಂಪು ಹೊರುವುದು ಬೆಳೆಗಲ್ಲ, ನಮ್ಮ ಮನಸ್ಸಿನ ಸಮಾಧಾನಕ್ಕೆ.

ಎಣಿಸದೆ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಒಂಬತ್ತರೊಳಗೆ ಗದ್ದೆಗೆ ಇಳಿದು ಮೂಲೆಯಿಂದ ಮೂಲೆಗೆ ನಡೆಯುತ್ತಾ 20 ಬುಡ ನೋಡಿ. ಎಡಗೈಯಲ್ಲಿ ಬುಡವನ್ನು ಮೆಲ್ಲಗೆ ಬಗ್ಗಿಸಿ, ಬಲಗೈಯಲ್ಲಿ ಎರಡು ಮೂರು ಸಲ ತಟ್ಟಿದರೆ ಇದ್ದದ್ದೆಲ್ಲ ನೀರಿನ ಮೇಲೆ ಬೀಳುತ್ತದೆ. ಕಂದು ಜಿಗಿಹುಳು ಬಿದ್ದ ಕೂಡಲೇ ಮತ್ತೆ ಬುಡಕ್ಕೆ ನೆಗೆಯುತ್ತದೆ. ತೋಳ ಜೇಡ ನೀರಿನ ಮೇಲೆಯೇ ಓಡುತ್ತದೆ, ಬೆನ್ನಿನ ಮೇಲೆ ಕವೆಯಾಕಾರದ ಗುರುತು ಇರುತ್ತದೆ, ದಿನಕ್ಕೆ 5ರಿಂದ 15 ಹುಳು ತಿನ್ನುತ್ತದೆ. ಇನ್ನೊಂದು, ಮೂರು ಮಿಲಿಮೀಟರಿನ ಹಸಿರು ಮೈ, ಕಪ್ಪು ತಲೆ, ಉದ್ದ ಮೀಸೆಯ ಜೀವ. ಅದೇ ಮಿರಿಡ್ ತಿಗಣೆ. ಎಲೆ ಕವಚಕ್ಕೆ ಸೂಜಿಮೂತಿ ಚುಚ್ಚಿ ಜಿಗಿಹುಳುವಿನ ಮೊಟ್ಟೆ ಹೀರುವುದೇ ಅದರ ಮುಖ್ಯ ಕೆಲಸ. ಪಾಪ, ಹಸಿರು ಎಂಬ ಕಾರಣಕ್ಕೆ ಹಸಿರು ಜಿಗಿಹುಳು ಎಂದು ತಿಳಿದು ಇದನ್ನು ಕೊಲ್ಲುವುದೇ ಹೆಚ್ಚು. ಹಸಿರು ಜಿಗಿಹುಳು ಮೊಳೆಯ ಹಾಗೆ ಹಿಂದಕ್ಕೆ ಚೂಪಾಗಿದ್ದು, ಮುಟ್ಟಹೋದರೆ ಅಡ್ಡಡ್ಡ ಸರಿಯುತ್ತದೆ, ಮೀಸೆ ಕಾಣುವುದೇ ಇಲ್ಲ.

ಲೆಕ್ಕ ಹೀಗೆ: ಜೇಡ ಇಲ್ಲದ ಗದ್ದೆಯಲ್ಲಿ ತೆಂಡೆಗೆ ಒಂದು ಜಿಗಿಹುಳು ಎಚ್ಚರಿಕೆಯ ಮಟ್ಟ. ಬುಡಕ್ಕೆ ಒಂದು ಜೇಡ ಇದ್ದರೆ ತೆಂಡೆಗೆ ಎರಡರವರೆಗೂ ಕಾಯಬಹುದು. ಅದನ್ನೂ ಮೀರಿದರೆ ಮೊದಲು ನೀರು ಬಸಿದು ಮೂರು ನಾಲ್ಕು ದಿನ ಒಣಗಿಸಿ, ಯೂರಿಯಾ ಮೇಲುಗೊಬ್ಬರ ತಡೆಯಿರಿ. ಆಮೇಲೂ ಏರುತ್ತಿದ್ದರೆ ಪೈಮೆಟ್ರೋಜಿನ್ ಅಥವಾ ಬುಪ್ರೊಫೆಜಿನ್‌ನಂಥ, ಜೇಡಕ್ಕೆ ಕಡಿಮೆ ಹಾನಿ ಮಾಡುವ ಔಷಧಿಯನ್ನು ಲೇಬಲ್ಲಿನ ಪ್ರಮಾಣದಲ್ಲಿ, ಹುಳು ಇರುವ ಜಾಗಕ್ಕೆ ಮಾತ್ರ, ಬುಡಕ್ಕೆ ತಾಗುವಂತೆ. ಮೇಲಿಂದ ಮೇಲೆ ಎಲೆ ತೋಯಿಸಿದರೆ ದುಡ್ಡು ದಂಡ. ನಟ್ಟಿ ಮಾಡುವಾಗಲೇ ಎರಡು ಮೀಟರಿಗೊಂದು, ಒಂದಡಿ ಅಗಲದ ಓಣಿಯನ್ನು ಪೂರ್ವ-ಪಶ್ಚಿಮವಾಗಿ ಬಿಟ್ಟಿದ್ದರೆ ಬುಡಕ್ಕೆ ಗಾಳಿ ಬೆಳಕು ತಾಗಿ ಜಿಗಿಹುಳು ಕಮ್ಮಿ, ಸಿಂಪಡಿಸುವುದೂ ಸುಲಭ, ಕೊಳಬಕಕ್ಕೂ ನಡೆಯಲು ದಾರಿ.

ಜೇಡಗಳು ಗದ್ದೆಗೆ ಬೇಗ ಬಂದು ನಿಲ್ಲಬೇಕಾದರೆ, ಜಿಗಿಹುಳು ಬರುವ ಮೊದಲೇ ಅವಕ್ಕೆ ಊಟ ಬೇಕು. 1990ರ ದಶಕದಲ್ಲಿ ಜಾವಾ ದ್ವೀಪದ ಗದ್ದೆಗಳಲ್ಲಿ ನಡೆದ ಅಧ್ಯಯನ ಈ ಗುಟ್ಟನ್ನು ಬಿಡಿಸಿತು: ಕೊಳೆಯುವ ಸೊಪ್ಪು ಗೊಬ್ಬರ ತಿಂದು ನೀರಿನಲ್ಲಿ ಸಣ್ಣ ನೊಣ, ಸೊಳ್ಳೆಯಂಥ ನಿರುಪದ್ರವಿ ಹುಳುಗಳು ಹೆಚ್ಚುತ್ತವೆ, ಜೇಡಗಳು ಅವನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಂಡು ಕಾದಿರುತ್ತವೆ. ನಟ್ಟಿಗೆ ಮೊದಲು ಗದ್ದೆಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ತುಳಿಯುವ ಮಲೆನಾಡಿನ ರೂಢಿ ಮಣ್ಣಿಗಷ್ಟೇ ಅಲ್ಲ, ಜೇಡಕ್ಕೂ ಉಣ್ಣಿಸುತ್ತದೆ.

ಅಂಚು ಕಡಿಯುವಾಗ

ಗದ್ದೆ ಹೂಡುವಾಗ, ಕೊಯ್ಲಾದಾಗ ಜೇಡ, ಗುಲಗಂಜಿ ಹುಳು, ಕಪ್ಪೆ ಎಲ್ಲ ಓಡಿ ಸೇರುವುದು ಅಂಚಿನ ಹುಲ್ಲಿಗೆ. ನಟ್ಟಿಗೆ ಮೊದಲು ಅಂಚು ಕಡಿಯುವಾಗ ಮಣ್ಣು ಕಾಣುವಂತೆ ನುಣ್ಣಗೆ ಕೆತ್ತಿದರೆ, ಇಲ್ಲವೇ ಕಳೆನಾಶಕ ಹೊಡೆದರೆ ಆ ವರ್ಷದ ಕಾವಲುಗಾರರ ಬಿಡಾರವೇ ಹೋಯಿತು. ಹಾಗೆಂದು ಸೊಂಟದೆತ್ತರ ಹುಲ್ಲು ಬಿಟ್ಟರೆ ಇಲಿಗೆ ಮರೆ. ಎರಡರ ನಡುವಿನ ದಾರಿ, ಗೇಣುದ್ದ ಹುಲ್ಲು ಉಳಿಸಿ ಸವರುವುದು ಮತ್ತು ಎಲ್ಲ ಅಂಚನ್ನೂ ಒಂದೇ ದಿನ ಸವರದೆ ಒಂದು ಬಿಟ್ಟು ಒಂದನ್ನು ಹತ್ತು ಹದಿನೈದು ದಿನದ ಅಂತರದಲ್ಲಿ ಮುಗಿಸುವುದು. ಅಂಚಿನ ಅಗಲ ಒಂದಡಿಯೊಳಗಿದ್ದರೆ ಇಲಿಗೆ ಬಿಲ ತೋಡಲು ಜಾಗ ಸಾಲದು. ನೀರಿನ ಒತ್ತಡ ತಡೆಯುವ ದೊಡ್ಡ ಅಂಚುಗಳನ್ನು ಸಣ್ಣದು ಮಾಡಲಾಗದು, ಅಂಥ ಕಡೆ ಹೂ ಬಿಡುವ ಗಿಡ ಹಾಕಿ.

ಹೂವು ಯಾಕೆಂದರೆ ಪರತಂತ್ರ ಕಣಜಕ್ಕೆ ಮಕರಂದ ಬೇಕು. ಥಾಯ್ಲೆಂಡ್, ಚೀನಾ, ವಿಯೆಟ್ನಾಂಗಳಲ್ಲಿ ಅಂಚಿನ ಮೇಲೆ ಹೂಗಿಡ ಬೆಳೆಸಿ ನಡೆಸಿದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು: ಕೀಟನಾಶಕ ಬಳಕೆ ಶೇ. 70ರಷ್ಟು ಇಳಿದು, ಇಳುವರಿ ಶೇ. 5 ಹೆಚ್ಚಿತ್ತು. ಇಂಥ ಪ್ರಯೋಗಗಳಲ್ಲಿ ಮೆಚ್ಚುಗೆ ಪಡೆದ ಎಳ್ಳು ನೀರು ನಿಂತರೆ ತಾಳುವುದಿಲ್ಲ. ಅಚ್ಚುಕಟ್ಟಿನ ಬೇಸಿಗೆ ಬೆಳೆಗೆ ಅದು ಸರಿ, ಆಗುಂಬೆಯ ಸುತ್ತಿನ ಮಳೆಗೆ ಅಲ್ಲ. ಅಲ್ಲಿ ಮಳೆ ತುಸು ತಗ್ಗಿದ ಮೇಲೆ ಅಲಸಂದೆ, ಚೆಂಡುಹೂವು ಹಾಕಿ ನೋಡಬಹುದು.

ಕಣಜಗಳಲ್ಲಿ ಕೊಂಡು ತರಬಹುದಾದದ್ದು ಟ್ರೈಕೋಗ್ರಾಮ, ಕಣಜದ ಮರಿ ಒಳಗಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡಾಗಿ ಸಿಗುತ್ತದೆ. ಕಾಂಡಕೊರಕಕ್ಕೆ ಅದರ ಜಪಾನಿಕಂ ಜಾತಿ, ಎಲೆ ಸುರುಳಿಗೆ ಕೈಲೋನಿಸ್ ಜಾತಿ. ಕಾರ್ಡು ಅದಲುಬದಲಾದರೆ ಕೆಲಸ ಸರಿಯಾಗಿ ಆಗದು. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ, ಎಕರೆಗೆ ಪ್ರತಿ ಸಲ ಎರಡು ಕಾರ್ಡು, ಪತಂಗ ಕಾಣಿಸಿದಾಗಿನಿಂದ ವಾರಕ್ಕೊಮ್ಮೆ ಐದಾರು ಸಲ. ಕೊಳ್ಳುವಾಗ ಮೊಟ್ಟೆ ಕಪ್ಪಗಿದೆಯೇ ನೋಡಿ. ಬೆಳ್ಳಗಿದ್ದರೆ ಕಣಜ ಕೂತಿಲ್ಲ, ತೂತು ಬಿದ್ದಿದ್ದರೆ ಹಾರಿಹೋಗಿದೆ. ಪಟ್ಟಿಗಳಾಗಿ ಕತ್ತರಿಸಿ ಸಂಜೆ ಹೊತ್ತು ಎಲೆಯ ಅಡಿಗೆ ಸ್ಟೇಪಲ್ ಮಾಡಬೇಕು. ಶ್ರಾವಣದ ಮಳೆ ಅದನ್ನೂ ತೊಳೆಯುತ್ತದೆ, ಕಾಗದದ ಲೋಟವನ್ನು ಕಡ್ಡಿಗೆ ಬೋರಲು ಕಟ್ಟಿ ಒಳಗೆ ಅಂಟಿಸಿದರೆ ಉಳಿಯುತ್ತದೆ. ಬಿಟ್ಟ ಮೇಲೆ ವಾರ ಹತ್ತು ದಿನ ಯಾವ ಕೀಟನಾಶಕವೂ ಇಲ್ಲ.

ಪುಕ್ಕಟೆ ಕಣಜವೂ ಇದೆ. ಕಾಂಡಕೊರಕದ ಪತಂಗ ಸಸಿಯ ಎಲೆ ತುದಿಯಲ್ಲಿ, ಕಂದು ರೋಮ ಹೊದಿಸಿದ ಗುಂಪಾಗಿ ಮೊಟ್ಟೆ ಇಡುತ್ತದೆ. ನಟ್ಟಿಗೆ ಕೀಳುವಾಗ ಅಂಥ ತುದಿಗಳನ್ನು ಚಿವುಟಿ ಸುಡಬೇಡಿ. ಅವುಗಳಲ್ಲಿ ಎಷ್ಟೋ ಈಗಾಗಲೇ ಕಣಜದ ವಶವಾಗಿರುತ್ತವೆ. ತಟ್ಟೆಯಲ್ಲಿ ಸಾಬೂನು ನೀರು ಹಾಕಿ, ನಡುವೆ ಕಲ್ಲಿಟ್ಟು, ಕಲ್ಲಿನ ಮೇಲೆ ಮೊಟ್ಟೆಯ ತುದಿಗಳನ್ನು ಅಂಚಿನಲ್ಲಿ, ಮಳೆ ಬೀಳದ ಕಡೆ ಇಡಿ. ಒಡೆದು ಬಂದ ಹುಳುಮರಿ ತೆವಳಿ ನೀರಿಗೆ ಬೀಳುತ್ತದೆ, ಕಣಜ ಹಾರಿ ಗದ್ದೆ ಸೇರುತ್ತದೆ.

ಹಕ್ಕಿಗೆ ವಿಷ ತಲುಪುವ ದಾರಿ

ಕೋಲು ಊರಿ ಕರೆದ ಮೇಲೆ ವಿಷ ಬಡಿಸಬಾರದಲ್ಲ. ಕಾರ್ಬೊಫ್ಯೂರಾನ್ ಕೀಟನಾಶಕದ ಹರಳನ್ನು ಹಕ್ಕಿ ಕಾಳೆಂದೋ ಮರಳೆಂದೋ ನುಂಗುತ್ತದೆ. ಏಡಿ ಸಸಿ ಕತ್ತರಿಸುತ್ತದೆಂದು ಬಿಲದ ಬಾಯಿಗೆ ವಿಷ ಕಲಸಿದ ಅನ್ನ ಇಟ್ಟರೆ ಸತ್ತ ಏಡಿ ಬೆಳ್ಳಕ್ಕಿ, ಮಿಂಚುಳ್ಳಿಯ ಹೊಟ್ಟೆಗೆ ಹೋಗುತ್ತದೆ. ಫೋರೇಟ್ ಎಂಬ ಕೀಟನಾಶಕ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ, ಹಳೆಯ ದಾಸ್ತಾನು ಮೂಲೆಯಲ್ಲಿದ್ದರೂ ಬಳಸುವಂತಿಲ್ಲ. ಅರ್ಜೆಂಟೀನಾದಲ್ಲಿ 1995-96ರಲ್ಲಿ ಮಿಡತೆಗೆ ಮೊನೊಕ್ರೋಟೊಫಾಸ್ ಕೀಟನಾಶಕ ಹೊಡೆದಾಗ, ಆ ಮಿಡತೆ ತಿಂದ ಗಿಡುಗಗಳು ಸಾವಿರಗಟ್ಟಲೆ ಸತ್ತವು. ನಮ್ಮಲ್ಲಿ ತುಂಗೆಯ ನಡುವಿನ ಮಂಡಗದ್ದೆಯಲ್ಲಿ, ಸೊರಬದ ಗುಡವಿಯಲ್ಲಿ ನೀರುಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ, ಅಂದರೆ ಗದ್ದೆಗೆ ವಿಷ ಬೀಳುವ ತಿಂಗಳುಗಳಲ್ಲೇ. ಬೆಳ್ಳಕ್ಕಿ ಮರಿಯ ಬಾಯಿಗೆ ಹೋಗುವುದು ಸುತ್ತಲಿನ ಗದ್ದೆ, ಹೊಳೆಯಲ್ಲಿ ಸಿಕ್ಕ ಕಪ್ಪೆ, ಮೀನು, ಹುಳು.

ಕಾಳು ತಿನ್ನುವ ಹಕ್ಕಿಯ ದೂರು ಸುಳ್ಳಲ್ಲ. ಆದರೆ ಗೀಜಗ ಕೂಡ ಮರಿಗೆ ಹುಳುವನ್ನೇ ಉಣಿಸುತ್ತದೆ. ನಷ್ಟ ಹೆಚ್ಚು ಬೀಳುವುದು ಊರಿಗಿಂತ ಮೊದಲು ಅಥವಾ ಕೊನೆಗೆ ತೆನೆ ಬರುವ ಒಂಟಿ ಗದ್ದೆಗೆ, ಆದ್ದರಿಂದ ಒಂದು ಬೈಲಿನವರು ಒಂದೇ ಅವಧಿಯ ತಳಿಯನ್ನು ಒಂದೇ ವಾರದಲ್ಲಿ ನೆಟ್ಟರೆ ಪೆಟ್ಟು ಹಂಚಿಹೋಗುತ್ತದೆ. ಹೊಳೆಯುವ ರಿಬ್ಬನ್ನನ್ನು ಎರಡು ಮೂರು ಸುತ್ತು ತಿರುಚಿ ತೆನೆಗಿಂತ ಸ್ವಲ್ಪ ಮೇಲೆ ಕಟ್ಟಬಹುದು, ಗಾಳಿ ಬಿಸಿಲು ಇದ್ದ ದಿನ ಮಾತ್ರ ಅದಕ್ಕೆ ಬೆಲೆ. ಹಾಲು ತುಂಬಿದ ದಿನವೇ ಕಟ್ಟಿ. ಮೊದಲೇ ಕಟ್ಟಿದರೆ ಬೆರ್ಚಪ್ಪನಿಗೆ ಆದ ಗತಿಯೇ, ಹಕ್ಕಿ ಅದರ ಮೇಲೇ ಕೂರುತ್ತದೆ.

ಉಳಿದದ್ದು ಇಲಿ. ನಮ್ಮ ಮಾತಿನಲ್ಲಿ ಗೂಬೆ ಕೂರಿಸುವುದೆಂದರೆ ಇಲ್ಲದ ಅಪವಾದ ಹೊರಿಸುವುದು, ಗದ್ದೆಯಲ್ಲಿ ನಿಜವಾಗಿಯೇ ಕೂರಿಸಬೇಕು. ಕಣಜ ಗೂಬೆಗೆ (ಇಲ್ಲಿ ಕಣಜವೆಂದರೆ ಹುಳುವಲ್ಲ, ಕಾಳು ತುಂಬುವ ಕಣಜ) ಪ್ಲೈವುಡ್ ಪೆಟ್ಟಿಗೆ: ಎರಡಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ, ಆರು ಇಂಚಿನ ಬಾಗಿಲು. ಬಾಗಿಲು ತಳದಿಂದ ಆದಷ್ಟು ಮೇಲಿರಲಿ, ತಗ್ಗಿದ್ದರೆ ಮರಿ ಹೊರಗೆ ಬೀಳುತ್ತದೆ. 12-15 ಅಡಿ ಕಂಬದ ಮೇಲೆ, ನೈಋತ್ಯದ ಮಳೆಗಾಳಿ ಒಳಗೆ ಹೊಡೆಯದಂತೆ ಪೂರ್ವಕ್ಕೆ ಮುಖ ಮಾಡಿ. ಕಂಬಕ್ಕೆ ಎರಡಡಿ ತಗಡು ಸುತ್ತಿದರೆ ಹಾವು, ಪುನುಗು ಹತ್ತವು. ಬಯಲಿನಲ್ಲಿ ಹತ್ತು ಹನ್ನೆರಡು ಎಕರೆಗೆ ಒಂದು ಸಾಕು. ವರ್ಷವೆರಡು ಖಾಲಿ ಬಿದ್ದರೆ ಕಿತ್ತೆಸೆಯಬೇಡಿ, ಹಳೆ ಗಿರಣಿ, ಗೋಪುರ ಬಿಟ್ಟು ಅದು ಇಲ್ಲಿಗೆ ಬರಲು ಸಮಯ ಹಿಡಿಯುತ್ತದೆ. ಗೂಬೆ ಇರುವಲ್ಲಿ ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣ ಬೇಡ. ಅದನ್ನು ತಿಂದ ಇಲಿ ಸಾಯುವ ಮೊದಲು ಕೆಲವು ದಿನ ಮಂಕಾಗಿ ಬಯಲಲ್ಲಿ ಓಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುವುದೂ ಆ ಇಲಿಯೇ.

ಪೆಟ್ಟಿಗೆ ಆಗದಿದ್ದರೆ ಎಕರೆಗೆ ಎರಡು ಎತ್ತರದ ಕೋಲು, ನೆಲದಿಂದ 8-10 ಅಡಿ, ಅಡ್ಡಕಡ್ಡಿ ಮಣಿಕಟ್ಟಿನ ದಪ್ಪ. ಹಾಲಕ್ಕಿಯೂ ಇದರ ಮೇಲೆ ಕೂರುತ್ತದೆ. ಇಲಿ ಮರಿ ಹಾಕುವ ಭರಾಟೆ ಇರುವುದು ಹೊಡೆ ಬಂದ (ಎಲೆ ಕವಚದೊಳಗೆ ತೆನೆ ಕಟ್ಟಿದ) ಮೇಲೆ, ಹಾಗಾಗಿ ಹೊಡೆ ಕಟ್ಟುವ ಮೊದಲೇ ಇವು ನಿಂತಿರಲಿ. ಗಿಡ್ಡ ಕೋಲುಗಳ ಅಡ್ಡಕಡ್ಡಿ ಬಿಚ್ಚುವ ದಿನ ಇವನ್ನು ಮುಟ್ಟಬೇಡಿ, ಕೊಯ್ಲಿನವರೆಗೂ ಇರಲಿ.